ಹನುಮಕ್ಕನ ಬಾವಿಗೆ ಇಳಿದ ಬಣ್ಣ

ಕೆಂಗೇರಿ
12 ಫೆಬ್ರವರಿ 2004

ಅಕ್ಕನಿಗೆ ಅಮರೇಶನ ನಮಸ್ಕಾರ.

ಮಾಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳೋಣವೆಂದರೆ ನಿಮ್ಮ ಓಣಿಯ ಎಸ್‌ಟಿಡಿ ಬೂತಿನವನು ನಿನಗಿಂತ ಮೊದಲು ತಾನೇ ಉತ್ತರ ಕೊಡುತ್ತಾನೆ. ನಮ್ಮ ಮನೆಯ ಸುದ್ದಿ ಗುಳೇದಗುಡ್ಡಕ್ಕೆಲ್ಲ ಹಂಚುವುದು ಬೇಡ, ಕಾಗದವೇ ವಾಸಿ.

ಬಣ್ಣದ ಕೆಲಸ ಎಂದರೆ ಏನು ಮಾಡುತ್ತೀ ಎಂದು ನೀನು ಕೇಳಿದ್ದೆ. ನಮ್ಮ ಯಜಮಾನರು ವೆಂಕಟಗಿರಿಯವರು ಮೊದಲು ಬಿನ್ನಿಪೇಟೆಯ ಕಡೆ ಇದ್ದವರು, ಈಗ ಕೆಂಗೇರಿಯಿಂದಾಚೆ ಒಂದು ಹಳ್ಳಿಗೆ ಕಾರ್ಖಾನೆ ತಂದಿದ್ದಾರೆ. ಸೀರೆಯೊಳಗೆ ಉಡುವ ಲಂಗದ ಹತ್ತಿ ಬಟ್ಟೆಗೆ ಬಣ್ಣ ಹಾಕುತ್ತೇವೆ. ಹತ್ತಿ ಬಣ್ಣ ಕುಡಿಯಬೇಕಾದರೆ ತೊಟ್ಟಿಗೆ ಮೂಟೆಗಟ್ಟಲೆ ಉಪ್ಪು ಸುರಿಯಬೇಕು. ಉಪ್ಪೇ ಬಣ್ಣವನ್ನು ನೂಕಿ ನೂಲಿನೊಳಗೆ ಕೂರಿಸುವುದು. ಆಮೇಲೆ, ಕೂರದೆ ಸಡಿಲವಾಗಿ ಉಳಿದ ಬಣ್ಣ ಹೋಗುವ ತನಕ ತೊಳೆಯಬೇಕು. ಎಂಟು ಸಲ ಹೊಸ ನೀರು ತುಂಬಿ ಎಂಟು ಸಲ ಹೊರಗೆ ಬಿಡುತ್ತೇವೆ. ನಮ್ಮ ಮಾತಿನಲ್ಲಿ ಅದು ಎಂಟು ನೀರು.

ಆ ನೀರು ಎಲ್ಲಿಗೆ ಹೋಗಬೇಕು? ಬಿಸಿಲಿಗೆ ಒಣಗಲಿ ಎಂದು ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದಾರೆ. ಮಧ್ಯಾಹ್ನದೊಳಗೆ ಅದು ತುಂಬಿಬಿಡುತ್ತದೆ. ಮಿಕ್ಕಿದ್ದು ಪಕ್ಕದ ಮಣ್ಣಿನ ಗುಂಡಿಗೆ ಹರಿಯುತ್ತದೆ. ಗುಂಡಿಯಿಂದ ಎಲ್ಲಿಗೆ ಎಂದು ನಾವು ಯಾರೂ ಕೇಳಿರಲಿಲ್ಲ, ಹನುಮಕ್ಕನವರ ಬಾವಿ ಕೆಂಪಾಗುವ ತನಕ.

ಹನುಮಕ್ಕನವರದು ಕಾಂಪೌಂಡಿಗೆ ಅಂಟಿದ ಮನೆ. ಕಾರ್ಖಾನೆಯ ಜಾಗವೂ ಒಂದು ಕಾಲಕ್ಕೆ ಅವರ ಗಂಡ ಮುನಿವೆಂಕಟಪ್ಪನವರ ಹೊಲವೇ. ನಾನು ಕಾರ್ಖಾನೆಯ ಶೆಡ್ಡಿನಲ್ಲಿ ಮಲಗುವವನು. ಹೋದ ವರ್ಷ ಜ್ವರ ಬಂದಾಗ ಗೋಡೆಯ ಮೇಲಿಂದ ಗಂಜಿ ದಾಟಿಸಿದ್ದು ಅವರೇ. ಮೊನ್ನೆ ಅದೇ ಗೋಡೆಯ ಮೇಲೆ ಒಂದು ಕೊಡ ಇಟ್ಟು, "ಏನಪ್ಪಾ ಅಮರೇಶ, ನಮ್ ಬಾವಿಗೂ ಕುಂಕುಮ ಇಟ್ಬಿಟ್ರಲ್ಲಪ್ಪ ನೀವು" ಎಂದರು. ನೀರು ದಾಸವಾಳ ನೆನೆಹಾಕಿದ ಹಾಗಿತ್ತು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ಆದರೆ ಅವರು ನಕ್ಕರು.

ಅವರ ಮಗ ಮಧುಕುಮಾರ್ ಅಲ್ಲೇ ನಿಂತಿದ್ದ. "ಮುಚ್ಸಿಬಿಡೋಣ ಕಣಮ್ಮ. ಅದರ್ ಮೇಲೆ ಒಂದ್ ಪೋರ್ಷನ್ ಎತ್ತಿದ್ರೆ ಬಾಡಿಗೆನಾದ್ರೂ ಬರುತ್ತೆ" ಎಂದ. ಹನುಮಕ್ಕ ಒಪ್ಪಲಿಲ್ಲ. ಆ ಮನೆಯಲ್ಲಿ ಹೆತ್ತ ಹೆಂಗಸರೆಲ್ಲ ಮೊದಲ ಸಲ ಹೊರಗೆ ಬಂದು ಆ ಬಾವಿಗೇ ಗಂಗೆ ಪೂಜೆ ಮಾಡಿ, ಒಂದು ಕೊಡ ನೀರು ಸೇದಿ ಒಳಗೆ ತಂದವರು. ಹೋದ ವರ್ಷ ಮಗಳು ಕವನಾಳ ಮದುವೆಯಾಗಿದೆ. "ನಾಳೆ ಅವ್ಳು ಬಾಣಂತನಕ್ಕೆ ಬಂದ್ರೆ ನಾನ್ ಯಾವ ನೀರಿಗೆ ಕರ್ಕೊಂಡ್ ಹೋಗ್ಲಿ?" ಎಂದು ಕೇಳಿದರು. ಬಾವಿ ತಿಳಿಯಾಗುವ ಹಾಗೆ ನಾನು ಮಾಡುತ್ತೇನೆ ಎಂದು ಬಾಯಿಬಿಟ್ಟೆ. ಹೇಗೆ ಎನ್ನುವುದು ನನಗೂ ಗೊತ್ತಿಲ್ಲ.

ನಿನ್ನ ತಮ್ಮ
ಅಮರೇಶ


ಗುಳೇದಗುಡ್ಡ
3 ಮಾರ್ಚ್ 2004

ಚಿರಂಜೀವಿ ಅಮರೇಶನಿಗೆ ಶಂಕ್ರವ್ವ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ಮಾಮನಿಗೂ ಹೇಳಿದೆ. "ನಿನ್ನ ತಮ್ಮ ದುಡಿಯಾಕ ಹೋಗ್ಯಾನೋ, ಊರಿನ ಬಾವಿ ತೊಳಿಯಾಕ ಹೋಗ್ಯಾನೋ?" ಎಂದು ನಕ್ಕರು. ಮಂಡಿನೋವು ಹಾಗೇ ಇದೆ, ನನ್ನ ಗಂಡನ ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ನಾನು ನಗಲಿಲ್ಲ. ನೀನು ಹುಟ್ಟಿದಾಗ ಅವ್ವ ಗಂಗೆ ಪೂಜೆಗೆ ಹೊರಟರೆ ಅವಳ ಸೆರಗು ಹಿಡಿದುಕೊಂಡು ಹೋದವಳು ನಾನು. ಕೊಡ ಎತ್ತಲು ಅವಳಿಗೆ ಶಕ್ತಿ ಇರಲಿಲ್ಲ, ಅರ್ಧ ನಾನು ಹಿಡಿದಿದ್ದೆ. ಆ ಹಿರಿಯಳು ಕೇಳುತ್ತಿರುವುದು ಸಣ್ಣ ಮಾತೇನಲ್ಲ. ಆದರೆ ಕೊಟ್ಟ ಮಾತು ನಡೆಸುವುದು ಯಜಮಾನರ ಕೈಯಲ್ಲಿದೆ, ನಿನ್ನ ಕೈಯಲ್ಲಿಲ್ಲ. ಜೋರು ಮಾಡಿ ಕೆಲಸ ಕಳೆದುಕೊಳ್ಳಬೇಡ. ನಯವಾಗಿ ಹೇಳಿ ನೋಡು.

ನನ್ನ ಹೊಲಿಗೆ ಮಿಷನ್ನು ಚೆನ್ನಾಗಿ ನಡೆದಿದೆ. ಸಂತೆಯ ದಿನ ಲಂಗಗಳು ನಿಲ್ಲುವುದೇ ಇಲ್ಲ. ನೀನು ಅಲ್ಲಿ ಬಣ್ಣ ಹಾಕುವ ಬಟ್ಟೆಯನ್ನೇ ನಾನು ಇಲ್ಲಿ ಹೊಲಿಯುತ್ತಿರಬಹುದು, ಯಾರಿಗೆ ಗೊತ್ತು. ಹಾಗಂದುಕೊಂಡರೆ ಕತ್ತರಿ ಆಡಿಸುವಾಗ ಕೈ ಸ್ವಲ್ಪ ಮೆತ್ತಗಾಗುತ್ತದೆ. ಬರಿಗೈಯಲ್ಲಿ ಬಣ್ಣದ ನೀರು ಮುಟ್ಟಬೇಡ. ಹುಡುಗಿ ನೋಡಲು ಹೋದಾಗ ಕೆಂಪು ಉಗುರು ಕಂಡರೆ ಅವರೇ ನಿನಗೆ ಹೂವು ಮುಡಿಸಿಯಾರು.

ನಿನ್ನ ಅಕ್ಕ
ಶಂಕ್ರವ್ವ


ಕೆಂಗೇರಿ
9 ಮೇ 2004

ಅಕ್ಕನಿಗೆ ನಮಸ್ಕಾರ.

ದಾರಿ ಸಿಕ್ಕಿದೆ. ಜೊತೆಗೆ ಕಳಿಸಿರುವ ಮೆರೂನ್ ಬಟ್ಟೆಯನ್ನು ಕತ್ತರಿಸುವ ಮೊದಲು ಈ ಕಾಗದ ಪೂರ್ತಿ ಓದು.

ಎಂಟು ನೀರಿನಲ್ಲಿ ಕೊನೆಯ ಮೂರು ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಹೊರಗೆ ಬರುತ್ತವೆ. ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತೇವೆ, ಇದನ್ನು ಮಾತ್ರ ನಾವು ಸುಮ್ಮನೆ ಗುಂಡಿಗೆ ಬಿಡುತ್ತಿದ್ದೆವು. ಅದನ್ನು ಮೇಲಿನ ಟ್ಯಾಂಕಿಗೆ ಎತ್ತಿಟ್ಟು, ಮುಂದಿನ ಬಟ್ಟೆಗೆ ಮೊದಲ ನೀರಾಗಿ ಕೊಟ್ಟರೆ? ನಡುವೆ ಒಮ್ಮೆ ಚೆನ್ನಾಗಿ ಕಾದ ಸೋಪಿನ ನೀರು ಕೊಟ್ಟರೆ? ಲೆಕ್ಕ ಹಾಕಿ ನೋಡಿದೆ. ಮೂರು ಸಲ ಟ್ಯಾಂಕಿನ ನೀರು, ಕೊನೆಗೆ ಒಂದು ಸಲ ಹೊಸ ನೀರು, ಒಟ್ಟು ನಾಲ್ಕಕ್ಕೆ ಮುಗಿಯುತ್ತದೆ. ಹೊರಗೆ ಹೋಗುವುದು ಎಷ್ಟು ಕಡಿಮೆಯೆಂದರೆ ಎಲ್ಲವೂ ಸಿಮೆಂಟಿನ ತೊಟ್ಟಿಯಲ್ಲೇ ಹಿಡಿದು, ಅಲ್ಲೇ ಒಣಗಿಬಿಡುತ್ತದೆ. ಗುಂಡಿಗೆ ಒಂದು ಹನಿಯೂ ಹೋಗುವುದಿಲ್ಲ.

ಯಜಮಾನರಿಗೆ ತೋರಿಸಿದೆ. ತೊಳೆದ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿಟ್ಟರೆ ಬಣ್ಣ ಬಿಡಲಿಲ್ಲ. ಆದರೂ ಅವರಿಗೆ ಧೈರ್ಯವಿಲ್ಲ. "ನಿನ್ ಬಕೆಟ್ ಟೆಸ್ಟ್ ನಾನ್ ನಂಬಲ್ಲಪ್ಪ. ಹೆಂಗಸ್ರು ಉಟ್ಟು, ಬೆವತು, ಬಿಳಿ ಬಟ್ಟೆ ಜೊತೆ ಒಗೆದು ಹೇಳ್ಬೇಕು" ಎಂದರು. ಹನುಮಕ್ಕನವರ ಕೈಲಿ ಒಗೆಸುತ್ತೇನೆ ಎಂದೆ. ಬಾವಿಯವರು ಬಾವಿ ಪರವಾಗಿಯೇ ಹೇಳುತ್ತಾರೆ, ಬೇಡ ಎಂದರು. ನಮ್ಮಕ್ಕ ಲಂಗ ಹೊಲಿದು ಮಾರುವವಳು, ಅವಳ ಕಣ್ಣಿಗಿಂತ ಕಠಿಣ ಪರೀಕ್ಷೆ ಇಲ್ಲ ಎಂದು ಹೇಳಿದ್ದಕ್ಕೆ ಒಪ್ಪಿಕೊಂಡಿದ್ದಾರೆ.

ಅದಕ್ಕೇ ಇದನ್ನು ಹೊಲಿದು ನೀನೇ ಉಡು. ಮಾಮನ ಬಿಳಿ ಧೋತರದ ಜೊತೆ ಮತ್ತೆ ಮತ್ತೆ ಒಗೆ. ಒಂದೂವರೆ ತಿಂಗಳು ಬಿಟ್ಟು ಬರೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆ. ಕವನಾ ಬಸುರಿ ಎನ್ನುವ ಸುದ್ದಿ ಬಂದಿದೆ, ಹೊಸ ವರ್ಷದ ಆರಂಭಕ್ಕೆ ಹೆರಿಗೆಯಂತೆ. ಮಳೆ ಜೋರಾಗುವ ಮೊದಲು ಗುಂಡಿಗೆ ನೀರು ಹೋಗುವುದು ನಿಂತರೆ ಅಷ್ಟರೊಳಗೆ ಬಾವಿ ತಾನೇ ತೊಳೆದುಕೊಳ್ಳುತ್ತದೆ.

ಅಮರೇಶ


ಗುಳೇದಗುಡ್ಡ
27 ಜೂನ್ 2004

ಪ್ರೀತಿಯ ತಮ್ಮನಿಗೆ ಆಶೀರ್ವಾದ.

ಮೊದಲು ನಿನಗೆ ಬೇಕಾದ ಮಾತು. ಬಣ್ಣ ಹೋಗಲಿಲ್ಲ. ಇದನ್ನು ನಿನ್ನ ಯಜಮಾನರಿಗೆ ಓದಿ ತೋರಿಸಬಹುದು.

ಲಂಗ ಹೊಲಿದು ಉಟ್ಟೆ. ಈ ಬಿಸಿಲಿನಲ್ಲಿ ಸಂತೆಗೆ ನಡೆದುಹೋಗಿ, ಬೆವತು ಬಂದು, ಮಾಮನ ಧೋತರದಲ್ಲಿ ಸುತ್ತಿ ನೆನೆಸಿ ಒಗೆದೆ. ಒಂದು ಸಲವಲ್ಲ, ವಾರಕ್ಕೆ ಎರಡು ಸಲದಂತೆ ಇಷ್ಟು ದಿನವೂ. ಧೋತರ ಬಿಳುಪಾಗಿಯೇ ಇದೆ. ಎದುರು ಮನೆಯ ಕಲ್ಯಾಣಮ್ಮನಿಗೂ ತೋರಿಸಿದೆ. ಅವಳು ಹೊಗಳುವ ಪೈಕಿ ಅಲ್ಲ, ಆದರೂ "ಬಣ್ಣಾ ಬಿಡೂ ಅರಿವಿ ಅಲ್ಲ ಬಿಡವ್ವಾ ಇದು" ಎಂದಳು.

ನೀನು ಚಿಂತೆ ಮಾಡಬೇಡ, ಬೇರೆಯವರ ಬಟ್ಟೆಯಂತೆ ಕಲ್ಲಿಗೆ ಬಡಿದು ಒಗೆದಿಲ್ಲ. ಅವ್ವ ಹೊಸ ಬಣ್ಣದ ಸೀರೆ ಬಂದರೆ ಹೇಗೆ ಒಗೆಯುತ್ತಿದ್ದಳೋ ಹಾಗೇ, ಒಂದು ಚೂರೂ ಹೆಚ್ಚುಕಡಿಮೆ ಮಾಡದೆ, ಪ್ರತಿ ಸಲವೂ ಜೋಪಾನವಾಗಿ ಒಗೆದಿದ್ದೇನೆ. ನಿನ್ನ ಕೈಯ ಕೆಲಸವಲ್ಲವೇ. ಮಾಮ ಅಂದರು, ನನ್ನ ಅಂಗಿಯನ್ನು ಒಮ್ಮೆಯೂ ಹೀಗೆ ಒಗೆದವಳಲ್ಲ ನೀನು ಎಂದು.

ಅವ್ವ ಹೋದ ಮೇಲೆ ನಿನ್ನನ್ನು ಬೆಳೆಸಿದೆ ಎಂದು ಊರವರು ಹೇಳುತ್ತಾರೆ. ನಾನು ಮಾಡಿದ್ದು ಅನ್ನ ಹಾಕಿದ್ದು ಅಷ್ಟೇ. ನಿನ್ನ ಕೆಲಸದಲ್ಲಿ ನನ್ನ ಕೈಯೂ ಸೇರಿದ್ದು ಇದೇ ಮೊದಲು. ನನಗೆ ಬಹಳ ಸಂತೋಷವಾಗಿದೆ.

ಶಂಕ್ರವ್ವ


ಕೆಂಗೇರಿ
8 ಡಿಸೆಂಬರ್ 2004

ಅಕ್ಕನಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬಾವಿಯ ಸುದ್ದಿ ಖಚಿತವಾಗಲಿ ಎಂದು ಕಾದೆ.

ನಿನ್ನ ಕಾಗದವನ್ನು ವೆಂಕಟಗಿರಿಯವರು ಕನ್ನಡಕ ಏರಿಸಿ ತಾವೇ ಓದಿದರು. "ನಿಮ್ಮಕ್ಕ ಬಿಡಿಸಿ ಬಿಡಿಸಿ ಬರೆದಿದಾಳೆ. ಆಯ್ತು, ಮಾಡು" ಎಂದರು. ಜುಲೈಯಿಂದ ನಾಲ್ಕೇ ನೀರು. ತೊಟ್ಟಿಯ ನೀರು ಅಂಚಿಗೆ ಬರುವುದೇ ಇಲ್ಲ. ಗುಂಡಿ ಒಣಗಿ ಬಿರುಕು ಬಿಟ್ಟಿತು, ಅದರಲ್ಲಿ ಹುಲ್ಲು ಹುಟ್ಟಿತು. ಬೋರ್‌ವೆಲ್ಲಿನ ಮೋಟರು ಮಧ್ಯಾಹ್ನ ನಿಂತುಬಿಡುತ್ತದೆ. ಆ ಸದ್ದಿಲ್ಲದೆ ಮೊದಲ ಕೆಲವು ದಿನ ನಮಗೆಲ್ಲ ಏನೋ ಕೆಟ್ಟುಹೋಗಿದೆ ಎಂದೇ ಅನಿಸುತ್ತಿತ್ತು.

ಬಾವಿ ಮಾತ್ರ ಹಟ ಹಿಡಿದಿತ್ತು. ಆಗಸ್ಟಿನಲ್ಲಿ ಕೆಂಪು, ಸೆಪ್ಟೆಂಬರಿನಲ್ಲಿ ತೆಳು ಕೆಂಪು. ಮಧುಕುಮಾರ್ ಎರಡು ಸಲ ಮೇಸ್ತ್ರಿಯನ್ನು ಕರೆತಂದು ಅಳತೆ ಮಾಡಿಸಿದ. ದೀಪಾವಳಿಗೆ ನೀರು ತುಂಬುವ ಶಾಸ್ತ್ರಕ್ಕೆ ಹನುಮಕ್ಕ ಕೊಡ ಇಳಿಸಿದರು. ಮೇಲೆ ಬಂದ ನೀರಿನಲ್ಲಿ ಕೊಡದ ತಳ ಕಾಣಿಸುತ್ತಿತ್ತು. ಅವರು ಆ ನೀರನ್ನು ಸ್ನಾನದ ಹಂಡೆಗೆ ಹಾಕಿ, ಮೊದಲ ಎರಡು ಚೊಂಬು ನನ್ನ ತಲೆಗೆ ತಾವೇ ಹುಯ್ದರು. ಇಷ್ಟು ವಯಸ್ಸಿಗೆ ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ ಅಕ್ಕ. ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಕವನಾ ಹೆರಿಗೆಗೆ ಬಂದಿದ್ದಾಳೆ. ಗಂಗೆ ಪೂಜೆಯ ತನಕ ಬಾವಿಯ ಮಾತು ಎತ್ತುವುದಿಲ್ಲ ಎಂದು ಮಧುಕುಮಾರ್ ಒಪ್ಪಿದ್ದಾನೆ. ಇದೆಲ್ಲ ನಿನ್ನಿಂದ.

ಅಮರೇಶ


ಗುಳೇದಗುಡ್ಡ
16 ಜನವರಿ 2005

ತಮ್ಮನಿಗೆ ಸಂಕ್ರಾಂತಿಯ ಆಶೀರ್ವಾದ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದುಹೋಗಿದೆ. ಕಲ್ಯಾಣಮ್ಮನಿಗೆ ಓದಿ ಹೇಳಿದೆ, ಸಂತೆಯಲ್ಲಿ ಪಕ್ಕ ಕೂರುವ ಬಳೆಯವಳಿಗೂ ಹೇಳಿದೆ. ಬೆಂಗಳೂರಿನ ಒಂದು ಬಾವಿ ನನ್ನ ಒಗೆತದಿಂದ ತಿಳಿಯಾಯಿತು ಎಂದರೆ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಮಾಮನಂತೂ ನನ್ನನ್ನು ಈಗ ಗಂಗವ್ವ ಎಂದೇ ಕರೆಯುತ್ತಾರೆ.

ಒಂದು ತೀರ್ಮಾನ ಮಾಡಿದ್ದೇನೆ. ಯುಗಾದಿ ಮುಗಿದ ಮೇಲೆ ಮಾಮನನ್ನೂ ಕರೆದುಕೊಂಡು ಬೆಂಗಳೂರಿಗೆ ಬರುತ್ತೇನೆ. ಕೂಸನ್ನು ನೋಡಬೇಕು. ಹನುಮಕ್ಕನವರ ಬಾವಿಯಿಂದ ಒಂದು ಕೊಡ ನೀರು ನಾನೇ ಸೇದಬೇಕು. ಕವನಾಳಿಗೆ ಎರಡು ಲಂಗ ಹೊಲಿದಿಟ್ಟಿದ್ದೇನೆ. ಬಸ್ ಸ್ಟ್ಯಾಂಡಿಗೆ ನೀನು ಬಾ, ಆ ಊರಿನಲ್ಲಿ ಮಾಮ ಮಂಡಿ ಹಿಡಿದು ಕೂತರೆ ನನ್ನ ಕೈಲಾಗುವುದಿಲ್ಲ.

ಶಂಕ್ರವ್ವ


ಕೆಂಗೇರಿ
20 ಫೆಬ್ರವರಿ 2005

ಅಕ್ಕನಿಗೆ ನಮಸ್ಕಾರ.

ಎಲ್ಲ ಚೆನ್ನಾಗಿದೆ. ಕವನಾಗೆ ಗಂಡು ಮಗು. ಬಾವಿಯೂ ಚೆನ್ನಾಗಿದೆ.

ಯುಗಾದಿಯ ಹೊತ್ತಿಗೆ ಇಲ್ಲಿ ಬಿಸಿಲು ಜಾಸ್ತಿ. ಮಾಮನಿಗೆ ಅಷ್ಟು ದೂರದ ಬಸ್ಸು ಒಳ್ಳೆಯದಲ್ಲ. ನಾನಿರುವ ಶೆಡ್ಡಿನಲ್ಲಿ ನಿಮ್ಮನ್ನು ಮಲಗಿಸಲು ಜಾಗವೂ ಇಲ್ಲ. ಈಗ ಬರುವುದು ಬೇಡ, ಮುಂದೆ ನೋಡೋಣ.

ನಿನ್ನನ್ನು ಒಂದು ಮಾತು ಕೇಳಬೇಕೆಂದಿದ್ದೆ. ಇರಲಿ ಬಿಡು, ಅದೇನು ದೊಡ್ಡದಲ್ಲ.

ಅಮರೇಶ


ಗುಳೇದಗುಡ್ಡ
10 ಮಾರ್ಚ್ 2005

ಅಮರೇಶನಿಗೆ,

ನಿನ್ನ ಅರ್ಧ ಹಾಳೆಯ ಕಾಗದ ತಲುಪಿತು. ಇಲ್ಲಿ ಅಲ್ಲಿಗಿಂತ ಬಿಸಿಲು ಕಡಿಮೆ ಎಂದುಕೊಂಡೆಯಾ? ಮಾಮನ ಮಂಡಿಯ ಮೇಲೆ ನಿನಗೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಹೇಗೆ ಬಂತು?

ಮೊದಲು ಯಾವುದೋ ಹುಡುಗಿಯ ವಿಷಯ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಖುಷಿಪಟ್ಟೆ. ಮತ್ತೆ ಓದಿದಾಗ ಹಾಗೆ ಕಾಣಲಿಲ್ಲ. ಇಳಕಲ್ಲು ಸೀರೆ ಉಟ್ಟು, ಬುತ್ತಿ ಗಂಟು ಹೊತ್ತುಕೊಂಡು ಅಕ್ಕ ಬಂದು ಇಳಿದರೆ ನಿನ್ನ ಯಜಮಾನರ ಮುಂದೆ ನಿನಗೆ ಮುಜುಗರವೇ? ಹಾಗಿದ್ದರೆ ನೇರವಾಗಿ ಹೇಳು. ನಾನು ಮಲಗಲು ಮಂಚ ಕೇಳುವವಳಲ್ಲ. ಒಂದು ಕೊಡ ನೀರು ಸೇದಿ, ಆ ತಾಯಿಯ ಮುಖ ನೋಡಿ, ಅದೇ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದೆ.

ಟಿಕೆಟ್ ತೆಗೆಸಿಲ್ಲ. ಕವನಾಳ ಲಂಗಗಳನ್ನು ಪಾರ್ಸೆಲ್ ಮಾಡುತ್ತೇನೆ. ಓಣಿಯವರು ಯಾವಾಗ ಹೊರಡುತ್ತೀ ಎಂದು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಬೇಕೆಂದು ಅದನ್ನಾದರೂ ಬರೆ.

ಶಂಕ್ರವ್ವ


ಕೆಂಗೇರಿ
19 ಮಾರ್ಚ್ 2005

ಅಕ್ಕ,

ನಿನ್ನನ್ನು ಕಂಡರೆ ನನಗೆ ಮುಜುಗರವೆಂದು ನೀನು ಬರೆಯುವ ಹಾಗಾಯಿತಲ್ಲ. ಸುಳ್ಳು ಬರೆದದ್ದಕ್ಕೆ ತಕ್ಕದ್ದೇ ಸಿಕ್ಕಿತು. ಈಗ ನಡೆದದ್ದನ್ನೆಲ್ಲ ಬರೆಯುತ್ತೇನೆ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಬಸವೇಶ್ವರನಗರದ ಬಟ್ಟೆ ಅಂಗಡಿಯ ಬಸವರಾಜೇಶ್ವರಿಯವರು ಆಟೋದಲ್ಲಿ ಗಂಟು ಹೊತ್ತುಕೊಂಡು ಬಂದರು. ನಮ್ಮ ಬಟ್ಟೆಯ ಲಂಗ ಮಾರುವವರು. ಗಂಟಿನಲ್ಲಿ ಗಿರಾಕಿಗಳ ಸೀರೆಗಳಿದ್ದವು. ಕೆನೆ ಬಣ್ಣದ್ದು, ತಿಳಿ ಹಳದಿಯದು, ಎಲ್ಲಕ್ಕೂ ಸೊಂಟದ ಸುತ್ತ ಮೆರೂನ್ ಕಲೆ. "ಧಾರೆಗೆ ಉಟ್ಟಿದ್ ಸೀರೆ ರೀ ಇದು. ಆ ಹುಡುಗಿ ತಾಯಿ ನನ್ ಅಂಗಡಿ ಮುಂದೆ ಕೂತು ಅತ್ತು ಹೋದ್ರು" ಎಂದರು. ಒಂದು ಲಂಗವನ್ನು ಮನೆಯ ನಲ್ಲಿ ನೀರಿನಲ್ಲಿ ನೆನೆಸಿ, ಆ ನೀರನ್ನು ಬಾಟಲಿಯಲ್ಲಿ ಹಿಡಿದು ತಂದಿದ್ದರು. ಕೆಂಪಗಿತ್ತು.

ಯಜಮಾನರು ನನ್ನ ಮುಖ ನೋಡಿದರು. ನಾನು ಅದೇ ಲಂಗವನ್ನು ಕಾವೇರಿ ನಲ್ಲಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ನೋಡಿದೆ. ಆಗ ಗೊತ್ತಾಯಿತು. ಮತ್ತೆ ಮತ್ತೆ ಬಳಸಿದ ಟ್ಯಾಂಕಿನ ನೀರಿನಿಂದ ಬಟ್ಟೆಯಲ್ಲಿ ಉಪ್ಪು ಉಳಿದಿತ್ತು. ಉಪ್ಪಿರುವ ತನಕ ಸಡಿಲ ಬಣ್ಣ ಬಟ್ಟೆಗೇ ಅಂಟಿಕೊಂಡಿರುತ್ತದೆ, ನೀರಿಗೆ ಇಳಿಯುವುದಿಲ್ಲ. ನಮ್ಮ ಬಕೆಟ್ಟಿನಲ್ಲಿ ಬಣ್ಣ ಕಾಣಿಸದೆ ಇದ್ದದ್ದು ಬಣ್ಣ ಹೋಗಿತ್ತು ಎಂದಲ್ಲ. ಕೊನೆಗೆ ಇನ್ನೊಂದು ಹೊಸ ನೀರು ಕೊಟ್ಟಿದ್ದರೆ ಉಪ್ಪು ಹೋಗಿ, ಅದರ ಹಿಂದೆಯೇ ಬಣ್ಣವೂ ಹೋಗುತ್ತಿತ್ತು. ಎಂಟರಿಂದ ನಾಲ್ಕಕ್ಕೆ ಇಳಿಸುವ ಬದಲು ಐದಕ್ಕೆ ಇಳಿಸಬೇಕಿತ್ತು. ತಪ್ಪು ಪೂರ್ತಿ ನನ್ನದು.

ಐದು ನೀರಿಗೆ ಮಾಡೋಣ ಎಂದು ಕೈಮುಗಿದೆ. "ಒಂದ್ ಸಲ ನಿನ್ ಮಾತ್ ಕೇಳಿ ಇಪ್ಪತ್ತು ವರ್ಷದ ಗಿರಾಕಿ ಹೋಯ್ತು. ಸಾಕು ಬಿಡಪ್ಪ" ಎಂದರು. ಕೂಗಾಡಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಮರುದಿನದಿಂದ ಮತ್ತೆ ಎಂಟು ನೀರು. ತೊಟ್ಟಿ ತುಂಬಿ ಗುಂಡಿಗೆ ಹರಿಯಿತು, ಆ ಹುಲ್ಲೆಲ್ಲ ಮುಳುಗಿತು. ವಾಲ್ವ್ ತಿರುಗಿಸುವ ಕೈ ನನ್ನದೇ.

ಮಾರ್ಚಿನ ಮೊದಲ ವಾರ ಬಾವಿ ಕೆಂಪಾಯಿತು. ಅದಾದ ಮೂರನೆಯ ದಿನ ಕವನಾಳ ಗಂಗೆ ಪೂಜೆ ಇತ್ತು. ಪುರೋಹಿತರು ದಿನ ಮುಂದೂಡಲು ಒಪ್ಪಲಿಲ್ಲ. ಮಹಡಿಯ ಮೆಟ್ಟಿಲ ಕೆಳಗಿನ ಪ್ಲಾಸ್ಟಿಕ್ ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿ, ಟ್ಯಾಂಕರಿನ ನೀರು ತುಂಬಿಸಿ ಪೂಜೆ ಮಾಡಿಸಿದರು. ಕವನಾ ನಲ್ಲಿ ತಿರುಗಿಸಿ ಕೊಡ ತುಂಬಿಸಿಕೊಂಡಳು. ಹನುಮಕ್ಕ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಗೋಡೆಯ ಈಚೆ ನಾನಿದ್ದೆ.

ಯುಗಾದಿ ಕಳೆದ ಮೇಲೆ ಬಾವಿ ಮುಚ್ಚುತ್ತಾರೆ. ಬಾವಿ ಮತ್ತೆ ಕೆಂಪಾಗುತ್ತದೆ ಎಂದು ಫೆಬ್ರವರಿಯಲ್ಲೇ ಗೊತ್ತಿತ್ತು, ನಿನಗೆ ಏನು ತೋರಿಸಲಿ ಎಂದು ತಿಳಿಯದೆ ಬರಬೇಡವೆಂದು ಬರೆದೆ.

ಅಮರೇಶ


ಗುಳೇದಗುಡ್ಡ
27 ಮಾರ್ಚ್ 2005

ನನ್ನ ತಮ್ಮ ಅಮರೇಶನಿಗೆ,

ಎಲ್ಲ ಬರೆಯುತ್ತೇನೆ ಎಂದು ಎಲ್ಲ ಬರೆದಿಲ್ಲ ನೀನು. ನಿಮ್ಮ ಬಕೆಟ್ಟಿನ ಮಾತು ಹೇಳಿದೆ. ನನ್ನ ಬಕೆಟ್ಟಿನ ಮಾತು ಎಲ್ಲಿ? ನಿನ್ನ ಯಜಮಾನರು ನಂಬಿದ್ದು ನನ್ನ ಒಗೆತವನ್ನಲ್ಲವೇ. ವಾರಗಟ್ಟಲೆ ಒಗೆದರೂ ಇಲ್ಲಿ ಯಾಕೆ ಬಣ್ಣ ಹೋಗಲಿಲ್ಲ ಎಂದು ನೀನು ಒಂದು ಸಾಲೂ ಬರೆದಿಲ್ಲ.

ಉಪ್ಪು ಎನ್ನುವ ಶಬ್ದ ಓದಿದಾಗ ನಾನು ಒಲೆಯ ಮುಂದೆ ಕೂತಿದ್ದೆ. ಪ್ರತಿ ಸಲ ಒಗೆಯುವಾಗಲೂ ನಾನು ಬಕೆಟ್ಟಿಗೆ ಒಂದು ಹಿಡಿ ಉಪ್ಪು ಹಾಕಿದ್ದೆ. ಹೊಸ ಬಣ್ಣದ ಬಟ್ಟೆಗೆ ಉಪ್ಪು ಹಾಕದೆ ಯಾರು ಒಗೆಯುತ್ತಾರೆ? ಅವ್ವ ಹಾಕುತ್ತಿದ್ದಳು, ನಾನು ಹಾಕುತ್ತೇನೆ. ಅದನ್ನು ನಿನಗೆ ಬರೆದು ತಿಳಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಉಳಿದ ಬಟ್ಟೆಗಾದರೆ ಮೊದಲ ಸಲ ಮಾತ್ರ ಹಾಕುತ್ತಿದ್ದೆ. ಇದು ನಿನ್ನದು, ಇದರ ಮೇಲೆ ನಿನ್ನ ಮಾತು ನಿಂತಿದೆ ಎಂದು ಪ್ರತಿ ಸಲವೂ ಹಾಕಿದೆ.

ಫೆಬ್ರವರಿಯಲ್ಲಿ ಕೇಳಬೇಕೆಂದು ಬಿಟ್ಟ ಮಾತು ಇದೇ ತಾನೇ? ಕೇಳಿದರೆ ಅಕ್ಕನಿಗೆ ನೋವಾಗುತ್ತದೆ ಎಂದು ಬಿಟ್ಟೆ. ನಾನು ನಿನ್ನ ಮೇಲೆ ಎಂಥ ಮಾತು ಹೊರಿಸಿ ಕಾಗದ ಬರೆದೆ.

ನಿನ್ನೆ ಆ ಲಂಗವನ್ನು ಬರೀ ನೀರಿನಲ್ಲಿ ನೆನೆಸಿದೆ. ಮೊದಲ ನೀರು ಸುಮ್ಮನಿತ್ತು. ನೀರು ಬದಲಿಸಿದೆ. ಆಗ ಇಳಿಯಿತು. ಕಲ್ಯಾಣಮ್ಮ ಬಾಗಿಲಲ್ಲಿ ನಿಂತು ನೋಡಿ ಹೋದಳು. ಮಾಮ ಹತ್ತಿರ ಬಂದು ಬಕೆಟ್ಟು ಎತ್ತಿ ಚೆಲ್ಲಿದರು. "ನೀ ಬೇಕಂತ ಮಾಡೀಯೇನ? ಸುಮ್ನಾಗು" ಎಂದರು. ನನಗೆ ಸುಮ್ಮನಾಗಲು ಆಗುತ್ತಿಲ್ಲ ತಮ್ಮಾ. ಜೋರಾಗಿ, ಒರಟಾಗಿ ಒಗೆದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ನಾನು ಮುದ್ದು ಮಾಡಿ ನಿನ್ನ ಕೆಲಸ ಕೆಡಿಸಿದೆ.

ಈ ಕಾಗದವನ್ನು ನಿನ್ನ ಯಜಮಾನರಿಗೆ ತೋರಿಸು. ಮೊದಲ ಕಾಗದವನ್ನು ನಂಬಿದವರು ಇದನ್ನೂ ನಂಬಬೇಕು. ವೆಂಕಟಗಿರಿಯವರೇ, ನನ್ನ ತಮ್ಮನ ದಾರಿ ಸರಿಯಾಗಿತ್ತು, ಪರೀಕ್ಷೆ ಮಾಡಿದ ನನ್ನ ಕೈ ತಪ್ಪಿತು. ಐದು ನೀರಿಗೆ ಒಂದು ಅವಕಾಶ ಕೊಡಿ. ಒಂದು ತುಂಡು ಬಟ್ಟೆ ಕಳಿಸಿ, ಈ ಸಲ ಕಲ್ಲಿಗೆ ಬಡಿದು ಒಗೆದು ಹೇಳುತ್ತೇನೆ. ಬಾವಿ ಮುಚ್ಚುವ ಮೊದಲು ಕಳಿಸಿ.

ಶಂಕ್ರವ್ವ


ಕೆಂಗೇರಿ
22 ನವೆಂಬರ್ 2005

ಅಕ್ಕನಿಗೆ ಅಮರೇಶನ ನಮಸ್ಕಾರ.

ನಿನ್ನ ಕಾಗದಕ್ಕೆ ಇಷ್ಟು ತಿಂಗಳು ಉತ್ತರ ಬರೆಯಲಿಲ್ಲ. ನೀನೂ ಮತ್ತೆ ಬರೆಯಲಿಲ್ಲ. ಬರೆಯಲು ಒಳ್ಳೆಯ ಸುದ್ದಿ ಏನಾದರೂ ಹುಟ್ಟಲಿ ಎಂದು ಕಾದೆ, ಹುಟ್ಟಲಿಲ್ಲ. ಆದ್ದರಿಂದ ಇದ್ದದ್ದನ್ನೇ ಬರೆಯುತ್ತೇನೆ.

ನಿನ್ನ ಕಾಗದ ಬಂದ ದಿನವೇ ವೆಂಕಟಗಿರಿಯವರಿಗೆ ಕೊಟ್ಟೆ. ಎರಡು ಸಲ ಓದಿದರು. "ನಿಮ್ಮಕ್ಕ ಹೇಳೋದು ಸರಿನೇ ಇರ್ಬೇಕು. ಆದ್ರೆ ನಂಗೆ ಇನ್ನೊಂದ್ ಸಲ ಎದೆ ಇಲ್ಲಪ್ಪ" ಎಂದು ಮಡಿಸಿ ವಾಪಸು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಮಾತಾಡುವಾಗ ಅವರ ಕಣ್ಣು ನೆಲ ನೋಡುತ್ತಿತ್ತು, ಅದಕ್ಕೇ ಬರಲಿಲ್ಲ.

ಮಧುಕುಮಾರನಿಗೂ ಹೇಳಿದೆ. ಅಮ್ಮನ ಮುಖ ನೋಡಿ ಅವನು ಮೇಸ್ತ್ರಿಯನ್ನು ಎರಡು ವಾರ ತಡೆದ. ಆಮೇಲೆ ಒಂದು ಬೆಳಿಗ್ಗೆ ಹನುಮಕ್ಕನೇ ಮುಚ್ಚಿಬಿಡಿ ಎಂದರು. ಗಂಗೆ ಉಸಿರಾಡಲಿ ಎಂದು ಒಂದು ಪೈಪು ಇಳಿಸಿ, ಹಾಲು ಬಿಟ್ಟು, ಹೂವು ಹಾಕಿ ಕೈಮುಗಿದರು. ಮೊದಲ ಬಾಣಲಿ ಮಣ್ಣು ಮಧುಕುಮಾರ್ ಹಾಕಿದ. ಎರಡು ಟ್ರ್ಯಾಕ್ಟರ್ ಮಣ್ಣು ಸಾಲದೆ ಮೂರನೆಯದು ತರಿಸಬೇಕಾಯಿತು.

ಅಂದು ಸಂಜೆ ಅವರ ಜಗುಲಿಯಲ್ಲಿ ಕೂತು ನಿನ್ನ ಕಾಗದವನ್ನು ಓದಿ ಹೇಳಿದೆ. ಹೇಳದೆ ಮತ್ತೊಂದು ಸುಳ್ಳು ಕಟ್ಟುವುದು ಬೇಡವಾಗಿತ್ತು. ಉಪ್ಪಿನ ಸಾಲು ಬಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಅಯ್ಯೋ ಮಗನೆ, ನನ್ ಕೈಲಿ ಒಗೆಸಿದ್ರೆ ನಾನೂ ಹಾಕೇ ಹಾಕ್ತಿದ್ದೆ ಕಣಪ್ಪಾ. ನಿಮ್ಮಕ್ಕಂಗೆ ಬರಿ, ಅಳ್ಬೇಡ ಅನ್ನು" ಎಂದರು. ಇದನ್ನು ಬರೆಯಲು ಇಷ್ಟು ತಡ ಮಾಡಬಾರದಿತ್ತು. ಅದೊಂದು ವಿಷಯಕ್ಕೆ ನೀನು ನನ್ನನ್ನು ಬೈಯಬೇಕು.

ಕಾರ್ಖಾನೆಯಲ್ಲಿ ಈಗಲೂ ಎಂಟು ನೀರು. ಹೋದ ತಿಂಗಳ ಮಳೆಗೆ ಗುಂಡಿಯ ಕಟ್ಟೆ ಒಡೆದು ನೀರೆಲ್ಲ ಮೋರಿ ಸೇರಿತು, ಅಲ್ಲಿಂದ ವೃಷಭಾವತಿ ಹೊಳೆಗೆ. ಆ ಹೊಳೆಯ ಬಣ್ಣ ಮೊದಲೇ ಕೆಟ್ಟಿರುವುದರಿಂದ ಯಾರೂ ಏನೂ ಅನ್ನಲಿಲ್ಲ. ಬೇರೆ ಕಡೆ ಕೆಲಸ ಕೇಳಿದ್ದೇನೆ. ಎಲ್ಲ ಕಡೆಯೂ ನೀರು ಇಷ್ಟೇ ಬಿಡುತ್ತಾರೆ.

ಬಾವಿಯಿದ್ದ ಜಾಗದಲ್ಲಿ ಹೊಸ ಪೋರ್ಷನ್ ಎದ್ದು ನಿಂತಿದೆ. ಒಂದು ರೂಮು, ಮೂಲೆಯಲ್ಲಿ ಅಡುಗೆಗೆ ಕಡಪ ಕಲ್ಲು. ಬಾಡಿಗೆಗೆ ಕೇಳಿಕೊಂಡು ಎಷ್ಟೋ ಜನ ಬಂದರು. ಹನುಮಕ್ಕ ಯಾರಿಗೂ ಕೊಡಲು ಬಿಡಲಿಲ್ಲ. "ಬೇರೆಯೋರ್ಗೆ ಅದೊಂದ್ ರೂಮು ಅಷ್ಟೆ. ನೀನಾದ್ರೆ ಅಲ್ಲಿ ಏನಿತ್ತು ಅಂತ ಗೊತ್ತಿರೋನು" ಎಂದು ಬೀಗದ ಕೈ ನನ್ನ ಕೈಗಿಟ್ಟರು. ತೆಗೆದುಕೊಂಡೆ. ಒಂದು ವಾರವಾಯಿತು, ಇಲ್ಲಿಗೆ ಬಂದು.

ಈಗ ನೀನೂ ಮಾಮನೂ ಬಂದರೆ ಮಲಗಲು ಜಾಗವಿದೆ ಅಕ್ಕ. ಬಾ. ಬಾಗಿಲಿಗೆ ಎದುರಾಗಿ, ಕಿಟಕಿಯ ಕೆಳಗೆ, ನೆಲ ಸ್ವಲ್ಪ ತಗ್ಗಿದೆ. ಹೊಸ ಮಣ್ಣು, ಇನ್ನೂ ಕೂರುತ್ತಿದೆ ಎಂದು ಮೇಸ್ತ್ರಿ ಹೇಳಿದ. ಅಲ್ಲಿ ನಾನು ಇನ್ನೂ ಚಾಪೆ ಹಾಸಿಲ್ಲ.

ನಿನ್ನ ತಮ್ಮ
ಅಮರೇಶ